ಇಂದಿನ ಧಮ್ಮಚಿಂತನೆ: ವಿಶಾಖೆಯ ಒಡವೆ ಕಾಣದಾದ ದಿನ

 

ವಿಶಾಖೆ ನಮಗೆ ಹೊಸಬಳಲ್ಲ. ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ ಓದಿದವರಿಗೆ, ಬುದ್ಧರಲ್ಲಿ ಎಂಟು ವರ ಕೇಳಿದ ಉಪಾಸಿಕೆಯಾಗಿ ಆಕೆ ನೆನಪಿರುತ್ತಾಳೆ. ಮಳೆಗಾಲದ ವಸ್ತ್ರ, ಬರುವ ಹೋಗುವ ಭಿಕ್ಖುಗಳಿಗೆ ಊಟ, ಕಾಯಿಲೆಯವರಿಗೆ ಪಥ್ಯ ಮತ್ತು ಔಷಧ, ಅವರ ಆರೈಕೆ ಮಾಡುವವರಿಗೂ ಊಟ, ದಿನವೂ ಗಂಜಿ, ಭಿಕ್ಖುಣಿಯರಿಗೆ ಸ್ನಾನದ ಬಟ್ಟೆ. ಇವನ್ನೆಲ್ಲ ಕೊಡುವ ಅವಕಾಶವನ್ನೇ ಆಕೆ ವರವಾಗಿ ಕೇಳಿದಳು. ಇಂದು ಆಕೆಯ ಬದುಕಿನ ಬೇರೊಂದು ದಿನದ ಬಗ್ಗೆ ಬರೆಯುತ್ತೇನೆ.

ಅಂಗ ದೇಶದ ಭದ್ದಿಯ ಎಂಬ ಊರಿನಲ್ಲಿ ಹುಟ್ಟಿದವಳು. ತಂದೆ ಧನಂಜಯ, ತಾಯಿ ಸುಮನಾ. ಏಳನೇ ವಯಸ್ಸಿನಲ್ಲೇ ಧಮ್ಮ ಕೇಳಿದಳು. ಆಮೇಲೆ ಕುಟುಂಬ ಸಾಕೇತಕ್ಕೆ ಬಂತು, ಅಲ್ಲಿಂದ ಸಾವತ್ಥಿಯ ಶ್ರೀಮಂತ ಮಿಗಾರನ ಮನೆಗೆ ಸೊಸೆಯಾಗಿ ಹೋದಳು. ಮಾವ ನಗ್ನ ಸಂನ್ಯಾಸಿಗಳ ಭಕ್ತ. ಸೊಸೆಯ ಮೇಲೆ ಅಪವಾದ ಹೊರಿಸಿ ಮನೆಯಿಂದ ಕಳಿಸಲು ನೋಡಿದ. ಎಂಟು ಜನ ಪಂಚರು ಕೂತು ವಿಚಾರಿಸಿ ಆಕೆಯದು ತಪ್ಪಿಲ್ಲವೆಂದರು. ಕೊನೆಗೆ ಆ ಮಾವನೇ ಧಮ್ಮಕ್ಕೆ ಬಂದು ಸೊಸೆಯನ್ನು ತಾಯಿ ಎಂದು ಕರೆದ. ಮಿಗಾರಮಾತಾ ಎಂಬ ಹೆಸರು ಬಂದದ್ದು ಹಾಗೆ.

ಮದುವೆಗೆ ತಂದೆ ಮಾಡಿಸಿಕೊಟ್ಟ ಒಡವೆಯ ಹೆಸರು ಮಹಾಲತಾ ಪಸಾಧನ. ದೊಡ್ಡ ಬಳ್ಳಿಯಂಥ ಆಭರಣ ಎಂದರ್ಥ. (ಪಸಾಧನ ಅಂದರೆ ನಮ್ಮ ಪ್ರಸಾಧನವೇ. ಈಗ ನಾಟಕದ ಕರಪತ್ರದಲ್ಲಿ ಬಣ್ಣ ಹಚ್ಚುವವರ ಹೆಸರಿನ ಮುಂದೆ ಉಳಿದುಕೊಂಡಿದೆ.) ತಲೆಯಿಂದ ಪಾದದವರೆಗೆ ಇಳಿಯುತ್ತಿತ್ತಂತೆ, ನೆತ್ತಿಯ ಮೇಲೆ ನವಿಲು. 500 ಅಕ್ಕಸಾಲಿಗರು, ನಾಲ್ಕು ತಿಂಗಳು, ದಾರಕ್ಕೆ ಬದಲು ಬೆಳ್ಳಿಯ ಎಳೆ, ಬೆಲೆ 9 ಕೋಟಿ. ಅಟ್ಠಕಥೆಯ ಲೆಕ್ಕಗಳು ಯಾವಾಗಲೂ ದೊಡ್ಡವು. ಊರೆಲ್ಲ ಗುರುತು ಹಿಡಿಯುವ ಒಡವೆ ಅಂದುಕೊಂಡರೆ ಸಾಕು.

ಒಂದು ಹಬ್ಬದ ದಿನ ಅದನ್ನು ತೊಟ್ಟು ಜೇತವನಕ್ಕೆ ಹೋದಳು. ಹಾಗೆ ಮಿನುಗುತ್ತಾ ಬುದ್ಧರ ಮುಂದೆ ಕೂರುವುದು ಸರಿಯಲ್ಲವೆನಿಸಿ, ಬಿಚ್ಚಿ ಬಟ್ಟೆಯಲ್ಲಿ ಗಂಟು ಕಟ್ಟಿ ಜೊತೆಗಿದ್ದ ದಾಸಿಯ ಕೈಗೆ ಕೊಟ್ಟಳು. ಧಮ್ಮ ಕೇಳಿ, ಕಾಯಿಲೆ ಬಿದ್ದ ಭಿಕ್ಖುಗಳನ್ನು ವಿಚಾರಿಸಿಕೊಂಡು ಹೊರಟು, ಬಾಗಿಲ ಬಳಿ ಒಡವೆ ಕೇಳಿದಳು. ದಾಸಿಯ ಕೈ ಖಾಲಿ. ಕೂತ ಜಾಗದಲ್ಲೇ ಗಂಟನ್ನು ಮರೆತು ಬಂದಿದ್ದಳು.

ಆ ಕ್ಷಣ ಯಾರ ಎದೆ ಹೆಚ್ಚು ಹೊಡೆದುಕೊಂಡಿರಬೇಕು ಹೇಳಿ. ಕಳೆದದ್ದು ವಿಶಾಖೆಯ ಒಡವೆ, ನಡುಗಿದ್ದು ದಾಸಿಯ ಜೀವ. ನಮ್ಮಮ್ಮ ಪಾತ್ರೆ ತೊಳೆಯುತ್ತಿದ್ದ ಮನೆಯೊಂದರಲ್ಲಿ ಓಲೆ ಕಾಣದಾದಾಗ ಮೊದಲು ಬಿಚ್ಚಿಸಿದ್ದು ಅವಳ ಸೆರಗಿನ ಗಂಟನ್ನು. ಓಲೆ ಅದೇ ಸಂಜೆ ದಿಂಬಿನ ಚೀಲದಲ್ಲಿ ಸಿಕ್ಕಿತು. ಸಿಕ್ಕಿತು ಅಂತ ಹೇಳಿ ಕಳಿಸಿದರು, ಅಷ್ಟೇ. ಇಂಥ ಕಥೆ ಇಲ್ಲದ ಕೇರಿ ನಮ್ಮಲ್ಲಿ ಕಡಿಮೆ. ಹಾಗಾಗಿ ಈ ಪ್ರಸಂಗ ಓದುವಾಗ ನನ್ನ ಕಣ್ಣು ಆ ಹೆಣ್ಣಿನ ಮೇಲೇ ಇತ್ತು. ವಿಶಾಖೆ ಗದರಿದಳೆಂದಾಗಲಿ, ಮಡಿಲು ಹುಡುಕಿಸಿದಳೆಂದಾಗಲಿ ಅಟ್ಠಕಥೆಯಲ್ಲಿಲ್ಲ. ಹೋಗಿ ತೆಗೆದುಕೊಂಡು ಬಾ ಅಂದಳು. ಜೊತೆಗೆ ಇನ್ನೊಂದು ಮಾತು: ಆನಂದರು ಅದನ್ನು ಎತ್ತಿಟ್ಟಿದ್ದರೆ ತರಬೇಡ, ಅದು ಅವರಿಗೇ ಸಂದಿತು.

ಇಲ್ಲಿ ವಿನಯದ ಸಂಗತಿಯೊಂದನ್ನು ಹೇಳಬೇಕು. ಇದಕ್ಕೆ ಮುಂಚೆ ಅಚಿರವತಿ ನದಿಯಲ್ಲಿ ಸ್ನಾನಕ್ಕಿಳಿದ ಬ್ರಾಹ್ಮಣನೊಬ್ಬ 500ರ ಚೀಲ ಮರೆತು ಹೋಗಿದ್ದ. ಭಿಕ್ಖುವೊಬ್ಬ ಎತ್ತಿಟ್ಟು ಹಿಂದಿರುಗಿಸಿದ. ಉಡುಗೊರೆ ಕೊಡಬೇಕಾದೀತೆಂದು ಆ ಬ್ರಾಹ್ಮಣ ಚೀಲದಲ್ಲಿ ಸಾವಿರವಿತ್ತೆಂದು ತಗಾದೆ ತೆಗೆದ. ಹೀಗಾಗಿ ಬೆಲೆಬಾಳುವ ವಸ್ತುವನ್ನು ಭಿಕ್ಖುಗಳು ಮುಟ್ಟಬಾರದೆಂದು ನಿಯಮವಾಗಿತ್ತು. ವಿಶಾಖೆಯ ಗಂಟು ಸಿಕ್ಕಾಗ ಬುದ್ಧರು ನಿಯಮ ಸಡಿಲಿಸಿದರು. ವಿಹಾರದೊಳಗೆ ಸಿಕ್ಕಿದ್ದನ್ನು ಎತ್ತಿಡಬಹುದು, ಕಳೆದುಕೊಂಡವರು ಬಂದು ಒಯ್ಯಲಿ. ಆನಂದರು ಅದನ್ನು ಮೆಟ್ಟಿಲ ಪಕ್ಕ ತೂಗುಹಾಕಿದ್ದರು. ಒಯ್ಯಿ ಎಂದರೂ ದಾಸಿ ಬರಿಗೈಲಿ ಮರಳಿದಳು.

ಮುಟ್ಟಿದ್ದಕ್ಕೆ ಬೇಡ. ಈ ಮಾತು ಕೇಳಿದರೆ ನಮಗೆ ಚುಚ್ಚುತ್ತದೆ, ಚುಚ್ಚಲೇಬೇಕು. ನಾವು ಮುಟ್ಟಿದ್ದನ್ನು ನೀರು ಚಿಮುಕಿಸಿ ಒಳಗೆ ತೆಗೆದುಕೊಂಡ ಜನರ ನಡುವೆ ಬೆಳೆದವರು ನಾವು. ವಿಶಾಖೆಯ ಲೆಕ್ಕ ಅದಕ್ಕೆ ತಿರುಗುಮುರುಗು. ಸಂಘದ ಕೈ ಸೋಕಿದ್ದನ್ನು ಮತ್ತೆ ತನ್ನದೆಂದು ತೊಡಲು ಆಕೆಗೆ ಮನಸ್ಸು ಬರಲಿಲ್ಲ. ಆದರೆ ಭಿಕ್ಖುವಿಗೆ ಒಡವೆ ಹೊರೆ ಎಂಬುದೂ ತಿಳಿದಿತ್ತು. ಆದ್ದರಿಂದ ಅದನ್ನು ತರಿಸಿ, ಬೆಲೆ ಕಟ್ಟಿಸಿ, ಗಾಡಿಯಲ್ಲಿಟ್ಟು ಮಾರಾಟಕ್ಕೆ ಕಳಿಸಿದಳು. ಕೊಳ್ಳುವ ತಾಕತ್ತಿನವರು ಸಿಗಲಿಲ್ಲ. ತನ್ನ ಒಡವೆಯನ್ನು ತಾನೇ ಪೂರ್ತಿ ಬೆಲೆ ಕೊಟ್ಟು ಕೊಂಡಳು!

ಆ ಹಣದಿಂದ ಎದ್ದದ್ದು ಸಾವತ್ಥಿಯ ಪೂರ್ವ ಬಾಗಿಲ ಬಳಿಯ ಪುಬ್ಬಾರಾಮ. ಮೊಗ್ಗಲ್ಲಾನರ ಮೇಲ್ವಿಚಾರಣೆಯಲ್ಲಿ ಒಂಬತ್ತು ತಿಂಗಳಿಗೆ ಎರಡು ಅಂತಸ್ತು ಮುಗಿಯಿತೆನ್ನುತ್ತಾರೆ. ದಾಸಿಯ ಹೆಸರನ್ನು ವಿನಯ ಬರೆದಿಟ್ಟಿಲ್ಲ. ದಾಸಿಯೆಂದೇ ಬಂದು ದಾಸಿಯೆಂದೇ ಹೋಗುತ್ತಾಳೆ. ಮನುಷ್ಯರನ್ನು ಮಾರುವ ವ್ಯಾಪಾರ ಉಪಾಸಕರಿಗೆ ಸಲ್ಲದೆಂದು ಬುದ್ಧರು ಹೇಳಿದ್ದು ಬೇರೆ ಕಡೆ ಇದೆ, ಅದನ್ನು ಇದರ ಪಕ್ಕದಲ್ಲಿಟ್ಟುಕೊಂಡೇ ನಾನು ಓದುತ್ತೇನೆ.

ಆ ಕಟ್ಟಡದ ನೆರಳಿನಲ್ಲೇ ಒಂದು ಸಂಜೆ ಬುದ್ಧರು ಅಡ್ಡಾಡುತ್ತಿದ್ದಾಗ ವಾಸೆಟ್ಠ, ಭಾರದ್ವಾಜ ಎಂಬಿಬ್ಬರು ಬಂದರು. ಬ್ರಾಹ್ಮಣ ಕುಲ ಬಿಟ್ಟು ಸಂಘ ಸೇರಲು ಬಂದದ್ದಕ್ಕೆ ಸ್ವಜನರ ಬೈಗುಳ ತಿಂದವರು. ಬ್ರಹ್ಮನ ಬಾಯಿಂದ ಹುಟ್ಟಿದವರು ನಾವು ಎಂಬ ಜಂಬಕ್ಕೆ ಬುದ್ಧರು, ಬ್ರಾಹ್ಮಣ ಹೆಂಗಸರೂ ಮುಟ್ಟಾಗುತ್ತಾರೆ, ಬಸುರಾಗುತ್ತಾರೆ, ಹೆರುತ್ತಾರೆ, ಹಾಲೂಡಿಸುತ್ತಾರೆ ಎಂದು ನೆನಪಿಸಿದ್ದು ಅಲ್ಲಿ. ಅಗ್ಗಞ್ಞ ಸುತ್ತ ಅದು. ನಾಳೆ ಅಲ್ಲಿಂದಲೇ ಮುಂದುವರಿಸೋಣ.

ಜೈಭೀಮ್.