ಗ್ರಾಮೀಣ ಸಹಕಾರದ ಮೂಲಪುರುಷ ರೈಫೈಸೆನ್

ಪತ್ತಿನ ಸಹಕಾರ ಸಂಘದ ಹೆಸರನ್ನು ಕೇಳದ ಒಕ್ಕಲುಮನೆಯು ನಮ್ಮ ನಾಡಿನಲ್ಲಿ ಅಪರೂಪ. ಬಿತ್ತನೆಯ ಬೀಜಕ್ಕೆಂದು, ಎತ್ತಿಗೆಂದು, ಮಗ್ಗಕ್ಕೆಂದು, ಸಣ್ಣ ಅಂಗಡಿಯ ಬಂಡವಾಳಕ್ಕೆಂದು ಆ ಸಂಘದ ಬಾಗಿಲಿಗೆ ಹೋದವರು ಅಸಂಖ್ಯಾತರು. ಆದರೆ ಆ ಏರ್ಪಾಟು ಯಾವ ನೆಲದಲ್ಲಿ, ಯಾರ ಅಂತಃಕರಣದಲ್ಲಿ ಮೂಡಿತೆಂಬುದನ್ನು ಅರಿತವರು ವಿರಳ. ಜರ್ಮನಿ ದೇಶದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ ಎಂಬ ಮಹನೀಯರ ಚರಿತ್ರೆಯನ್ನು ವಾಚಕರ ಮುಂದಿಡುವುದು ಅದಕ್ಕಾಗಿಯೇ.

ಅವರು ಜನಿಸಿದುದು ೧೮೧೮ನೆಯ ಇಸವಿಯ ಮಾರ್ಚ್ ೩೦ರಂದು, ಸೀಗ್ ನದಿಯ ದಡದ ಹಾಮ್ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವರು. ಮನೆಯಲ್ಲಿ ಬಡತನವಿದ್ದುದರಿಂದ ಉನ್ನತ ವಿದ್ಯೆಗೆ ಅವಕಾಶ ದೊರೆಯಲಿಲ್ಲ. ಊರಿನ ಕ್ರೈಸ್ತ ಧರ್ಮಗುರುವೇ ಬಾಲಕನಿಗೆ ಪಾಠ ಹೇಳಿದನು. ಹದಿನೇಳನೆಯ ವಯಸ್ಸಿನಲ್ಲಿ ಪ್ರಷ್ಯಾ ರಾಜ್ಯದ ಫಿರಂಗಿ ದಳವನ್ನು ಸೇರಿದರು. ಅಲ್ಲಿ ಕಣ್ಣಿನ ಬೇನೆಯು ಬಾಧಿಸಲು, ೧೮೪೩ರಲ್ಲಿ ಸೈನ್ಯವನ್ನು ಬಿಡಬೇಕಾಯಿತು. ಆ ಬೇನೆಯು ಅವರನ್ನು ಜೀವಿತದ ಕೊನೆಯ ಪರಿಯಂತ ಬಿಡಲಿಲ್ಲ.

೧೮೪೫ರಲ್ಲಿ ವೈಯರ್‌ಬುಶ್ ಎಂಬ ಗ್ರಾಮಸಮೂಹಕ್ಕೆ ಮೇಯರ್ ಆಗಿ ನಿಯುಕ್ತರಾದರು. ಮರುವರ್ಷವೇ ಬೆಳೆ ಕೆಟ್ಟಿತು. ೧೮೪೬-೪೭ರ ಚಳಿಗಾಲದಲ್ಲಿ ಆ ಗುಡ್ಡಗಾಡಿನ ಬಡಜನರ ಮನೆಗಳಲ್ಲಿ ಒಲೆ ಹೊತ್ತದಾಯಿತು. ಸರಕಾರವೇನೋ ಹಿಟ್ಟನ್ನು ಕಳುಹಿಸಿತು. ಆದರೆ ಕೈಯಲ್ಲಿ ಹಣ ಕೊಟ್ಟವರಿಗೆ ಮಾತ್ರ ಅದನ್ನು ಅಳೆಯಬೇಕೆಂಬ ಕಟ್ಟಪ್ಪಣೆಯೂ ಜೊತೆಗೇ ಬಂದಿತು. ಹಣವಿದ್ದವನಿಗೆ ಆ ಹಿಟ್ಟಿನ ಹಂಗೇತಕ್ಕೆ? ರೈಫೈಸೆನ್ನರು ಅಪ್ಪಣೆಯನ್ನು ಮೀರಿ, ಮುಂದೆ ತೀರಿಸುವೆವೆಂಬ ಬರಹದ ಮೇಲೆ ಹಿಟ್ಟನ್ನು ಬಡವರಿಗೆ ಹಂಚಿಸಿದರು. ಬಳಿಕ ಸ್ಥಿತಿವಂತರಿಂದ ಹಣ ಕೂಡಿಸಿ ಧಾನ್ಯವನ್ನು ತರಿಸಿ, ಊರಿಗೆ ಒಂದು ಸಾರ್ವಜನಿಕ ಒಲೆಯನ್ನು ಕಟ್ಟಿಸಿದರು. ಅಲ್ಲಿ ಬೆಂದ ರೊಟ್ಟಿಯು ಪೇಟೆಯ ದರಕ್ಕಿಂತ ಅಗ್ಗವಾಗಿ, ಸಾಲದ ಮೇಲೂ ದೊರೆಯಿತು. ಶಾಲೆಯನ್ನು ಕಟ್ಟಿಸುವುದರಲ್ಲಿಯೂ, ಬೆಟ್ಟದೂರುಗಳ ಹುಟ್ಟುವಳಿಯು ರೈನ್ ನದಿಯ ಕಡೆಯ ಪೇಟೆಗಳನ್ನು ಮುಟ್ಟುವಂತೆ ರಸ್ತೆ ಮಾಡಿಸುವುದರಲ್ಲಿಯೂ ಅವರು ಶ್ರಮಿಸಿದರು.

೧೮೪೮ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿಗೆ ವರ್ಗವಾಯಿತು. ಅಲ್ಲಿ ಹಸಿವಿಗಿಂತ ಸಾಲವೇ ಘೋರವಾಗಿದ್ದಿತು. ಬಡ ರೈತನು ವರ್ತಕನಿಂದ ಆಕಳನ್ನು ಕಡವಾಗಿ ತರುವನು. ಮೇಯಿಸುವವನು ಇವನು, ಲಾಭವು ಅವನದು. ಕಡೆಗೆ ಹೊಲವೂ ಅವನದೇ. ೧೮೪೯ರಲ್ಲಿ ರೈಫೈಸೆನ್ನರು ಸುಮಾರು ೬೦ ಮಂದಿ ಅನುಕೂಲಸ್ಥರನ್ನು ಒಂದುಗೂಡಿಸಿ ಸಹಾಯಕ ಸಂಘವೊಂದನ್ನು ಸ್ಥಾಪಿಸಿದರು. ಸಂಘವು ದನಗಳನ್ನು ಕೊಂಡು ಬಡವರಿಗೆ ಕೊಡುವುದು. ಅವರು ಬೆಲೆಯನ್ನು ಐದು ವರ್ಷಗಳ ಕಂತಿನಲ್ಲಿ ತೀರಿಸುವುದು. ೧೮೫೨ರಲ್ಲಿ ನಾಯ್‌ವೀಡ್ ಪಟ್ಟಣದ ಬಳಿಯ ಹೆಡ್ಡೆಸ್‌ಡಾರ್ಫ್‌ಗೆ ಬಂದ ಮೇಲೆ, ೧೮೫೪ರಲ್ಲಿ ಇನ್ನೂ ವಿಸ್ತಾರವಾದ ಧರ್ಮಕಾರ್ಯದ ಸಂಘವನ್ನು ಕಟ್ಟಿದರು. ದಿಕ್ಕಿಲ್ಲದ ಮಕ್ಕಳ ಪಾಲನೆ, ಸೆರೆಯಿಂದ ಬಿಡುಗಡೆಯಾದವರಿಗೆ ಉದ್ಯೋಗ, ರೈತರಿಗೆ ದನ, ಕೈಗಡ—ಇವೆಲ್ಲವೂ ಅದರ ಹೊಣೆಯಾಗಿದ್ದವು.

ಅವರ ಜೀವಿತದ ನಿಜವಾದ ಪರೀಕ್ಷೆಯು ಇಲ್ಲಿಯೇ ಒದಗಿತು. ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ ನಿಂತ ಸಂಘವು ಕೊಡುವವರ ಉತ್ಸಾಹವಿರುವವರೆಗೆ ಮಾತ್ರ ನಿಲ್ಲತಕ್ಕದ್ದು. ವರ್ಷಗಳು ಕಳೆದಂತೆ ಸಿರಿವಂತರು ಒಬ್ಬೊಬ್ಬರಾಗಿ ಹಿಂದೆ ಸರಿದರು. ದಾನದಲ್ಲಿ ಅಪಾರ ಶ್ರದ್ಧೆಯುಳ್ಳ ಧರ್ಮಭೀರುವಾದ ಅವರಿಗೆ ಇದು ಸುಲಭವಾಗಿ ಒಪ್ಪಿಗೆಯಾಗುವ ಪಾಠವಾಗಿರಲಿಲ್ಲ. ೧೮೬೪ರಲ್ಲಿ ಅವರು ಹಳೆಯ ಸಂಘವನ್ನು ಬಿಟ್ಟು ಸಾಲಸಂಘವೊಂದನ್ನು ಕಟ್ಟಿದರು. ಸಾಲ ಬೇಕಾದವನು ಮೊದಲು ತಾನೇ ಸದಸ್ಯನಾಗಬೇಕು, ಸದಸ್ಯರೆಲ್ಲರೂ ಎಲ್ಲರ ಋಣಕ್ಕೂ ಹೊಣೆಗಾರರಾಗಬೇಕು ಎಂಬುದೇ ಅದರ ನಿಯಮವಾಯಿತು.

ಈ ಹೊಣೆಯು ಅಲ್ಪವಾದುದಲ್ಲ. ಸಂಘವು ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಮನೆ ಹೊಲಗಳೂ ಉತ್ತರ ಕೊಡಬೇಕು. ಅಂತಹ ಹೊಣೆಯನ್ನು ಅಪರಿಚಿತನಿಗಾಗಿ ಯಾರು ತಾನೆ ಹೊರುವರು? ಆದಕಾರಣ ಸಂಘದ ವ್ಯಾಪ್ತಿಯು ಒಂದೇ ಗ್ರಾಮ, ಹೆಚ್ಚೆಂದರೆ ಒಂದೇ ಚರ್ಚಿನ ಹಳ್ಳಿಗಳಿಗೆ ಸೀಮಿತವಾಯಿತು. ಯಾವನು ದುಡಿಯುವನು, ಯಾವನು ಕುಡಿಯುವನು ಎಂಬುದು ನೆರೆಯವರಿಗೆ ತಿಳಿದೇ ಇರುವುದು. ಒಬ್ಬೊಬ್ಬನಾಗಿ ಹೋದರೆ ಯಾರೂ ನಂಬದ ಬಡ ರೈತರು, ಕುಶಲಕರ್ಮಿಗಳು ಒಟ್ಟಾಗಿ ನಿಂತಾಗ ಹೊರಗಿನವರು ಕಡಿಮೆ ಬಡ್ಡಿಗೆ ಹಣವನ್ನು ಕೊಡಲು ಮುಂದೆ ಬಂದರು. ಉತ್ಪಾದಕ ಕಾರ್ಯಕ್ಕೆ ಮಾತ್ರ ಸಾಲ. ಲೆಕ್ಕಿಗನ ಹೊರತು ಯಾರಿಗೂ ಸಂಬಳವಿಲ್ಲ. ಉಳಿತಾಯವು ಹಂಚಿಹೋಗದೆ ಸಂಘದ ನಿಧಿಯಾಗಿಯೇ ಬೆಳೆಯತಕ್ಕದ್ದು. ಮುಂದೆ ಬೀಜ, ಗೊಬ್ಬರ, ಯಂತ್ರಗಳನ್ನೂ ಒಟ್ಟಾಗಿ ಕೊಳ್ಳತೊಡಗಿದರು.

ಪಟ್ಟಣದ ಕುಶಲಕರ್ಮಿಗಳಿಗಾಗಿ ಸಂಘಗಳನ್ನು ಕಟ್ಟಿದ ಷುಲ್ಟ್ಸೆ-ಡೆಲಿಟ್ಶ್ ಎಂಬ ಸಮಕಾಲೀನರು ಈ ಪದ್ಧತಿಯನ್ನು ಕಟುವಾಗಿ ವಿರೋಧಿಸಿದರು. ಷೇರು ಬಂಡವಾಳವಿರಬೇಕು, ಸಾಲವು ಅಲ್ಪಾವಧಿಯದಾಗಿರಬೇಕು ಎಂಬುದು ಅವರ ಪಕ್ಷ. ಅಂಗಡಿಕಾರನಿಗೆ ಅದು ಸರಿಹೋಗಬಹುದು. ಇಂದು ಕೊಂಡ ಕರುವು ಮೂರು ತಿಂಗಳಲ್ಲಿ ಹಾಲು ಕರೆಯದಷ್ಟೆ! ರೈಫೈಸೆನ್ನರು ವರ್ಷಗಟ್ಟಲೆ ಅವಧಿಯ ಸಾಲವನ್ನು ಬಿಡಲೊಪ್ಪಲಿಲ್ಲ.

ಇವೆಲ್ಲ ನಡೆದುದು ಶರೀರವು ಕುಗ್ಗುತ್ತಿದ್ದ ಕಾಲದಲ್ಲಿ. ೧೮೬೩ರಲ್ಲಿ ಪತ್ನಿ ತೀರಿಕೊಂಡರು. ದೃಷ್ಟಿಯು ಮಂದವಾಗಿ ಆರೋಗ್ಯವು ಕೆಡಲು ೧೮೬೫ರಲ್ಲಿ ಅಧಿಕಾರವನ್ನು ಬಿಟ್ಟರು. ಜೀವನೋಪಾಯಕ್ಕಾಗಿ ಮೊದಲು ಚುಟ್ಟಾ ತಯಾರಿಕೆ, ಅನಂತರ ದ್ರಾಕ್ಷಾರಸದ ವ್ಯಾಪಾರ. ಸಾಲಸಂಘಗಳನ್ನು ಕುರಿತ ಅವರ ಗ್ರಂಥವು ೧೮೬೬ರಲ್ಲಿ ಪ್ರಕಟವಾಯಿತು. ಹಿರಿಯ ಮಗಳಾದ ಅಮಾಲಿಯೆಯು ಅವಿವಾಹಿತೆಯಾಗಿಯೇ ಉಳಿದು ತಂದೆಯ ಪತ್ರಗಳನ್ನು ಓದಿ, ಹೇಳಿದುದನ್ನು ಬರೆದು, ಅವರಿಗೆ ಕಣ್ಣಾದಳು. ಆಕೆಯ ಪಾಲನ್ನು ಜನರು ಸಾಕಷ್ಟು ಸ್ಮರಿಸಿಲ್ಲವೆಂದೇ ನಮಗೆ ತೋರುತ್ತದೆ. ೧೮೭೨ರಲ್ಲಿ ಗ್ರಾಮಸಂಘಗಳ ಹೆಚ್ಚುವರಿ ಹಣವನ್ನು ಕೊರತೆಯುಳ್ಳ ಸಂಘಗಳಿಗೆ ಒದಗಿಸುವ ಕೇಂದ್ರ ಬ್ಯಾಂಕೊಂದು ನಾಯ್‌ವೀಡ್‌ನಲ್ಲಿ ಸ್ಥಾಪಿತವಾಯಿತು.

ಈ ಪುರುಷರಲ್ಲಿಯೂ ಒಂದು ಕುಂದು ಇದ್ದಿತೆಂಬುದನ್ನು ಮುಚ್ಚಿಡಲಾಗದು. ರೈತರ ಸಾಲಬಾಧೆಗೆ ಯೆಹೂದಿ ವರ್ತಕರನ್ನು ಹೊಣೆಮಾಡಿ ಆ ಜನಾಂಗವನ್ನು ದೂಷಿಸುವ ಆ ಕಾಲದ ದುರಭಿಪ್ರಾಯಕ್ಕೆ ಅವರೂ ಹೊರತಾಗಿರಲಿಲ್ಲ.

೧೮೮೮ನೆಯ ಇಸವಿಯ ಮಾರ್ಚ್ ೧೧ರಂದು, ಎಪ್ಪತ್ತು ತುಂಬಲು ಕೆಲವೇ ದಿನಗಳಿರುವಾಗ ಅವರು ಕಾಲಾಧೀನರಾದರು. ಆ ಬಳಿಕ ಮದರಾಸು ಸರಕಾರವು ಯೂರೋಪಿನ ಭೂಬ್ಯಾಂಕುಗಳನ್ನು ಅಭ್ಯಸಿಸಲು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ೧೮೯೫ ಮತ್ತು ೧೮೯೭ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಆತನ ವರದಿಯ ಸಾರವು, ಈ ದೇಶಕ್ಕೂ ಒಬ್ಬ ರೈಫೈಸೆನ್ ಬೇಕೆಂಬುದು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಜಾರಿಗೆ ಬಂದಿತು. ಗ್ರಾಮಸಂಘಗಳಿಗೆ ಅದು ಅಪರಿಮಿತ ಹೊಣೆಯನ್ನೇ ವಿಧಿಸಿತು. ಮರುವರ್ಷ, ೧೯೦೫ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಊರಿನ ರೈತರನ್ನು ಕೂಡಿಸಿ ಆ ಕಾಯಿದೆಯ ಮೇರೆಗೆ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು.