ಜಿ. ಕೆ. ವೆಂಕಟೇಶ್ ಮತ್ತು ವಿದ್ಯುತ್ ಗಿಟಾರಿನ ಆ ದಿನಗಳು

ಹಳೆಯ ಕನ್ನಡ ಚಿತ್ರಗೀತೆಗಳನ್ನು ಮೆಚ್ಚುವವರು ಹಾಡಿದವರ ಹೆಸರು ಹೇಳುತ್ತಾರೆ, ನಟಿಸಿದವರ ಹೆಸರು ಹೇಳುತ್ತಾರೆ, ಬರೆದ ಕವಿಯ ಹೆಸರೂ ಕೆಲವರಿಗೆ ನೆನಪಿರುತ್ತದೆ. ಹಾಡಿಗೆ ಮುನ್ನ ಕೇಳಿಬರುವ ಗಿಟಾರಿನ ಮಿಡಿತವನ್ನು ಕನ್ನಡದ ಕಿವಿಗೆ ಒಗ್ಗಿಸಿದವರು ಯಾರೆಂದು ವಿಚಾರಿಸುವವರು ಬಹಳ ಕಡಿಮೆ. ಆ ಕೆಲಸ ಒಬ್ಬರಿಂದಲೇ ಆದುದೆಂದು ನಾವು ಹೇಳುವುದಿಲ್ಲ. ಮೈಸೂರಿನ ರಾಜನ್-ನಾಗೇಂದ್ರ ಸಹೋದರರ ಪಾಲು ಅದರಲ್ಲಿ ದೊಡ್ಡದಿದೆ. ಆದರೆ ಅದರ ಮೊದಲ ಸಾಲಿನಲ್ಲಿ ನಿಲ್ಲುವ ಹೆಸರು ಜಿ. ಕೆ. ವೆಂಕಟೇಶರದು. ಅವರು ತೀರಿಕೊಂಡು ಮೂವತ್ತು ವರ್ಷಗಳ ಮೇಲಾಯಿತು.

ವಿದ್ಯುತ್ ಗಿಟಾರ್ ಎಂದರೆ ನಮ್ಮ ತಲೆಮಾರಿನವರಿಗೆ ಮೊದಲು ನೆನಪಾಗುವುದು ಜಾತ್ರೆಯ ರಾತ್ರಿ. ಕೊಯಮುತ್ತೂರು, ತಿರುಪ್ಪೂರು ಕಡೆಯವರು ಅದನ್ನು ಮೆಲ್ಲಿಸೈ ಕಚೇರಿ ಎನ್ನುತ್ತಾರೆ. ನಮ್ಮ ನೆರೆಯ ಮಲಯಾಳಿಗಳು ಗಾನಮೇಳ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ರಸಮಂಜರಿ ಎಂದು ಹೆಸರು. ಹೆಸರು ಮೂರಾದರೂ ವೇದಿಕೆ ಒಂದೇ ಬಗೆಯದು. ದೇವರ ಬಲಿ ಮುಗಿದು ಜನ ಬಯಲಿನಲ್ಲಿ ಚಾಪೆ ಹಾಸಿ ಕುಳಿತ ಮೇಲೆ ತಂಡದವರು ತಂತಿಗಳನ್ನು ಜೋಡಿಸುತ್ತಿದ್ದರು. ಧ್ವನಿವರ್ಧಕದಿಂದ ಮೊದಲು ಗುಂಯ್ ಎಂಬ ಸದ್ದು ಹೊರಡುತ್ತಿತ್ತು. ಬಳಿಕ ಬಣ್ಣದ ಪಟ್ಟಿಯಿಂದ ಗಿಟಾರನ್ನು ಹೆಗಲಿಗೆ ತೂಗಿಕೊಂಡ ತರುಣನೊಬ್ಬ ಒಂದೇ ಒಂದು ತಂತಿಯನ್ನು ಮೀಟಿ ನೋಡುತ್ತಿದ್ದ. ಅಷ್ಟಕ್ಕೇ ಮಕ್ಕಳೆಲ್ಲ ವೇದಿಕೆಯ ಬುಡಕ್ಕೆ ಓಡುತ್ತಿದ್ದರು. ವಿದೇಶದಿಂದ ವಾದ್ಯ ತರಿಸಲು ಆಗ ಸರಕಾರದ ನಿರ್ಬಂಧಗಳಿದ್ದುದರಿಂದ ಫೆಂಡರ್, ಗಿಬ್ಸನ್ ಎಂಬ ಅಮೇರಿಕದ ಹೆಸರುಗಳನ್ನು ಚಿತ್ರದಲ್ಲಿ ಕಂಡವರೇ ಹೆಚ್ಚು. ಕಲ್ಕತ್ತೆಯಲ್ಲಿ ತಯಾರಾದ ಗಿಟಾರುಗಳೇ ಊರೂರು ಸುತ್ತುತ್ತಿದ್ದವು.

ಈ ವಾದ್ಯದ ಗುಟ್ಟು ಸರಳವಾದುದು. ಉಕ್ಕಿನ ತಂತಿಗಳ ಅಡಿಯಲ್ಲಿ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ತಂತಿ ಕಂಪಿಸಿದರೆ ಕೆಳಗಿನ ಸುರುಳಿಯಲ್ಲಿ ಅದೇ ಕಂಪನದ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. 1930ರ ದಶಕದ ಆರಂಭದಲ್ಲಿ ಅಮೇರಿಕದಲ್ಲಿ ಮಾರುಕಟ್ಟೆಗೆ ಬಂದ ಈ ಉಪಾಯ 1950ರ ದಶಕದ ಹೊತ್ತಿಗೆ ಲೋಕದ ಹಾಡನ್ನೇ ಬದಲಿಸಿತು. ಆದರೆ ವಿದ್ಯುತ್ತು ಸ್ವರವನ್ನು ದೊಡ್ಡದು ಮಾಡೀತೇ ಹೊರತು ಬೆರಳಿಗೆ ಬುದ್ಧಿ ಕೊಡಲಾರದು. ಆ ಬೆರಳುಗಳನ್ನು ಹುಡುಕಿ, ಕೂರಿಸಿ, ಕನ್ನಡಕ್ಕಾಗಿ ದುಡಿಸಿದವರ ಪೈಕಿ ವೆಂಕಟೇಶರು ಪ್ರಮುಖರು.

ಗುರುಸಾಲ ಕೃಷ್ಣದಾಸ ವೆಂಕಟೇಶ್ ಎಂಬುದು ಅವರ ಪೂರ್ಣ ಹೆಸರು. ಹುಟ್ಟಿದ್ದು 1927ರಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ. ಕನ್ನಡ ಅವರಿಗೆ ತಾಯಿಯಿಂದ ಬಂದುದಲ್ಲ, ವೃತ್ತಿಯಿಂದ ಬಂದುದು. ವೀಣೆ ಬಲ್ಲವರು, ಹಾಡಲೂ ಬಲ್ಲವರು. ಎಳೆಯ ಪ್ರಾಯದಲ್ಲೇ ಚಿತ್ರರಂಗದ ವಾದ್ಯವೃಂದ ಸೇರಿ ಎಸ್. ವಿ. ವೆಂಕಟರಾಮನ್, ಎಸ್. ಎಂ. ಸುಬ್ಬಯ್ಯ ನಾಯ್ಡು, ಸಿ. ಆರ್. ಸುಬ್ಬರಾಮನ್ ಮೊದಲಾದ ಸಂಗೀತ ನಿರ್ದೇಶಕರ ಕೈಕೆಳಗೆ ದುಡಿದರು.

ಸುಬ್ಬಯ್ಯ ನಾಯ್ಡು ಎಂದೊಡನೆ ಮಾತು ಕೊಯಮುತ್ತೂರಿಗೆ ಹೋಗಲೇಬೇಕು. ಇಂದು ಆ ಊರನ್ನು ಪಂಪುಸೆಟ್ಟು, ನೂಲಿನ ಗಿರಣಿಗಳಿಂದಲೂ, ತಿರುಪ್ಪೂರನ್ನು ಬನಿಯನ್ನಿನಿಂದಲೂ ಗುರುತಿಸುತ್ತೇವೆ. ನೀಲಗಿರಿಯ ಪೈಕಾರದಲ್ಲಿ ಉತ್ಪಾದನೆಯಾದ ಜಲವಿದ್ಯುತ್ತು 1930ರ ದಶಕದಲ್ಲಿ ಕೊಯಮುತ್ತೂರಿಗೆ ಇಳಿದುಬಂದ ಮೇಲೆ ಗಿರಣಿಗಳು ಬೆಳೆದವು. ಗಿರಣಿಯ ಹಣ ಅದೇ ದಶಕದಲ್ಲಿ ಸಿನಿಮಾಕ್ಕೂ ಹರಿದು ಸೆಂಟ್ರಲ್ ಸ್ಟುಡಿಯೋ ಎದ್ದಿತು, ಮುಂದೆ ಎಸ್. ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ ಬಂದಿತು. ಎಂ. ಜಿ. ರಾಮಚಂದ್ರನ್ ನಾಯಕನಾದ 'ರಾಜಕುಮಾರಿ' 1947ರಲ್ಲಿ ಹೊರಬಂದುದು ಸೆಂಟ್ರಲ್ ಸ್ಟುಡಿಯೋದಿಂದ. ಅದರ ಸಂಗೀತ ಸುಬ್ಬಯ್ಯ ನಾಯ್ಡು ಅವರದು. ಮುಂದೆ ತಮಿಳು ಚಿತ್ರಸಂಗೀತದ ಒಡೆಯರಾದ ಎಂ. ಎಸ್. ವಿಶ್ವನಾಥನ್ ಅವರು ಚಿಕ್ಕ ಕೆಲಸಗಳಿಂದ ಆರಂಭಿಸಿ ಹಾರ್ಮೋನಿಯಂ ಹಿಡಿದುದೂ ಸುಬ್ಬಯ್ಯ ನಾಯ್ಡು ಅವರ ಆಶ್ರಯದಲ್ಲೇ. ಪಕ್ಷಿರಾಜದವರ 'ಮಲೈಕ್ಕಳ್ಳನ್' ಕತೆ 1957ರಲ್ಲಿ 'ಬೆಟ್ಟದ ಕಳ್ಳ' ಎಂಬ ಹೆಸರಿನಿಂದ ಕನ್ನಡಕ್ಕೂ ಬಂತು. ಮದರಾಸು ಎಲ್ಲವನ್ನೂ ನುಂಗುವ ಮೊದಲು ಕೊಯಮುತ್ತೂರು ಹೀಗೆ ಐದಾರು ಭಾಷೆಗಳ ಅಡುಗೆಮನೆಯಾಗಿತ್ತು.

ಅಲ್ಲಿ ಕನ್ನಡ ಹೊಸದಲ್ಲ. ಕೊಯಮುತ್ತೂರು, ತಿರುಪ್ಪೂರು ಸುತ್ತಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಉಳಿದಿದೆ. ಮಗ್ಗದ ಮುಂದೆ ಕನ್ನಡ, ಶಾಲೆಯಲ್ಲಿ ತಮಿಳು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ದಿನವೇ ಕೊಯಮುತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಹೋಯಿತು, ತಾಳವಾಡಿಯ ಕನ್ನಡ ಹಳ್ಳಿಗಳು ಅಲ್ಲೇ ಉಳಿದವು. ಹಾಗೆ ಉಳಿದ ಹಳ್ಳಿಗಳಲ್ಲೊಂದು ಗಾಜನೂರು. 1929ರಲ್ಲಿ ಅಲ್ಲಿ ಹುಟ್ಟಿದ ಮುತ್ತುರಾಜ ರಾಜಕುಮಾರರಾದ ಕತೆಯನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಗಾಜನೂರು ಈಗ ಈರೋಡು ಜಿಲ್ಲೆಯಲ್ಲಿದೆ. ವೆಂಕಟೇಶರ ಬದುಕಿನ ದೊಡ್ಡ ಪಾಲು ಈ ಗಡಿಯ ಮಗನ ಚಿತ್ರಗಳೊಂದಿಗೇ ಹೆಣೆದುಕೊಂಡಿತು.

ಸುಬ್ಬರಾಮನ್ 1952ರಲ್ಲಿ ಅಕಾಲದಲ್ಲಿ ತೀರಿಕೊಂಡ ಬಳಿಕ ವಿಶ್ವನಾಥನ್ ಅವರು ರಾಮಮೂರ್ತಿಯವರೊಡನೆ ಜೋಡಿಯಾಗಿ ಸ್ವತಂತ್ರರಾದರು. ವೆಂಕಟೇಶರು ಅವರ ಸಹಾಯಕರಾಗಿ ನಿಂತರು. ಜೊತೆಜೊತೆಗೇ ಕನ್ನಡದಲ್ಲಿ ಸ್ವಂತ ಸಂಗೀತ. 'ಮಹಿಷಾಸುರ ಮರ್ದಿನಿ' (1959) ಚಿತ್ರದಲ್ಲಿ ಅವರು ರಾಜಕುಮಾರರಿಂದಲೇ ಎಸ್. ಜಾನಕಿಯವರ ಜೊತೆ ಯುಗಳಗೀತೆ ಹಾಡಿಸಿದರು. ಮರುವರ್ಷ 'ರಣಧೀರ ಕಂಠೀರವ', ಅದರ ಬೆನ್ನಿಗೆ 'ಕಣ್ತೆರೆದು ನೋಡು'. ಪಿ. ಬಿ. ಶ್ರೀನಿವಾಸರ ಕಂಠ ರಾಜಕುಮಾರರ ಕಂಠವೇ ಎಂಬಂತೆ ಜನರು ನಂಬಿದ ಕಾಲ ಅದು.

1966ರ 'ಸಂಧ್ಯಾರಾಗ'ದಲ್ಲಿ ವೆಂಕಟೇಶರ ಹೆಸರಿನ ಜೊತೆ ಬಾಲಮುರಳಿಕೃಷ್ಣರ ಹೆಸರಿದೆ, ಹಾಡಿದವರಲ್ಲಿ ಭೀಮಸೇನ ಜೋಶಿಯವರಿದ್ದಾರೆ. ಅದಾಗಿ ಎರಡೇ ವರ್ಷಕ್ಕೆ, 1968ರಲ್ಲಿ, ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ' ಬಂತು. ರಾಜಕುಮಾರರು ಕೋಟು ತೊಟ್ಟು, ಪಿಸ್ತೂಲು ಹಿಡಿದು ಗೂಢಚಾರ ಸಿ.ಐ.ಡಿ. 999 ಆದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಜೇಮ್ಸ್ ಬಾಂಡನ ಮೊದಲ ಚಿತ್ರ 1962ರಲ್ಲಿ ಬಂದಾಗ ವಿಕ್ ಫ್ಲಿಕ್ ಎಂಬ ವಾದಕನ ವಿದ್ಯುತ್ ಗಿಟಾರಿನಿಂದಲೇ ಲೋಕವು ಆ ನಾಯಕನನ್ನು ಗುರುತಿಸಿತ್ತು. ಕನ್ನಡದ ಬಾಂಡನಿಗೂ ಆ ಬಗೆಯ ಸದ್ದು ಬೇಕಾಯಿತು. ಮೃದಂಗ, ಕೊಳಲುಗಳ ಪಕ್ಕದಲ್ಲಿ ಗಿಟಾರು, ಬಾಂಗೋ, ಸ್ಯಾಕ್ಸೋಫೋನುಗಳು ಕುಳಿತವು.

ಹಿರಿಯರು ಇದನ್ನು ಕೇಳಿ ಗೊಣಗಿದ್ದುಂಟು. ಭೀಮಸೇನರಿಂದ ಹಾಡಿಸಿದವರು ಹೀಗೆ ಇಳಿಯಬಹುದೇ ಎಂಬ ಪ್ರಶ್ನೆ ಸಹಜವೂ ಹೌದು. ಸಂಗೀತದ ತೂಕದಲ್ಲಿ 'ಸಂಧ್ಯಾರಾಗ'ವೇ ಮೇಲು ಎಂದು ನಾವೂ ಒಪ್ಪುತ್ತೇವೆ. ಆದರೂ ಈ ಗಡಿಯಲ್ಲಿ ಕುಳಿತು ನೋಡಿದರೆ ಇನ್ನೊಂದು ಲೆಕ್ಕವಿದೆ. ಹದಿನೆಂಟರ ಹುಡುಗನಿಗೆ ಹೊಸ ಸದ್ದು ಬೇಕು. ಅದು ಮಲಯಾಳದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ಮಾತ್ರ ಸಿಕ್ಕಿದರೆ ಅವನು ಅತ್ತ ಹೋಗುತ್ತಾನೆ. ಕನ್ನಡ ಅಜ್ಜಿಯ ಭಜನೆಗೆ, ಯಕ್ಷಗಾನಕ್ಕೆ ಸಾಕೆಂದುಕೊಳ್ಳುತ್ತಾನೆ. ಬಾನುಲಿಯಲ್ಲಿ ಗಿಟಾರು ಮಿಡಿದು ಅದರ ಬೆನ್ನಿಗೆ ಕನ್ನಡ ಮಾತು ಬಂದಾಗ ಅಂಥ ಹುಡುಗ ರೇಡಿಯೋದ ಕಿವಿ ತಿರುಗಿಸದೆ ನಿಂತ. ನಮ್ಮ ಮನೆಗಳಲ್ಲಿ ಇದನ್ನು ಕಂಡಿದ್ದೇವೆ. ನೇಕಾರರ ಮನೆಗಳಲ್ಲೂ ಬೇರೆಯಾಗಿರಲಾರದು.

ಆಗ ಧ್ವನಿಮುದ್ರಣವೆಂದರೆ ಇಂದಿನಂತೆ ತುಂಡು ತುಂಡಾಗಿ ಸೇರಿಸುವ ಕೆಲಸವಾಗಿರಲಿಲ್ಲ. ಕನ್ನಡ ಚಿತ್ರಗಳ ಹಾಡುಗಳೂ ಬಹುಪಾಲು ಮದರಾಸಿನಲ್ಲೇ ಮುದ್ರಣವಾಗುತ್ತಿದ್ದವು. ಗಾಯಕರು, ಪಿಟೀಲು, ತಬಲ, ಗಿಟಾರು ಎಲ್ಲರೂ ಏಕಕಾಲಕ್ಕೆ ನುಡಿಸಬೇಕು. ಕೊನೆಯ ಸಾಲಿನಲ್ಲಿ ಒಬ್ಬ ತಪ್ಪಿದರೆ ಮೊದಲಿನಿಂದ ಆರಂಭ. ಗಿಟಾರು ನುಡಿಸುತ್ತಿದ್ದವರಲ್ಲಿ ಆಂಗ್ಲೋ-ಇಂಡಿಯನ್ನರು, ಗೋವೆಯವರು, ತಮಿಳು ಕ್ರೈಸ್ತರು ಬಹಳ. ಪಾಶ್ಚಾತ್ಯ ಸ್ವರಲಿಪಿಯನ್ನು ಅವರು ಕಾಗದ ನೋಡಿಯೇ ನುಡಿಸುತ್ತಿದ್ದರು. ಕನ್ನಡದ ಒಂದಕ್ಷರ ಬಾರದವರೂ ಕನ್ನಡದ ಹಾಡಿನ ಉಸಿರಿಗೆ ಸರಿಯಾಗಿ ಮೀಟುತ್ತಿದ್ದರು. ಚಿತ್ರದ ಆರಂಭದಲ್ಲಿ ಅವರ ಹೆಸರುಗಳು ಬರುತ್ತಿರಲಿಲ್ಲ. ಇದು ನಮಗೆ ಇಂದಿಗೂ ಸಲ್ಲದ ಕ್ರಮವೆಂದೇ ತೋರುತ್ತದೆ.

ಹಾಗೆ ಹೆಸರಿಲ್ಲದೆ ಕುಳಿತವರಲ್ಲೊಬ್ಬ ತರುಣ ಮಧುರೆ ಸೀಮೆಯ ಪಣ್ಣೈಪುರದವ. ಅಣ್ಣ ಪಾವಲರ್ ವರದರಾಜನ್ ಅವರ ತಂಡದಲ್ಲಿ ಊರೂರು ಅಲೆದು 1960ರ ದಶಕದ ಕೊನೆಗೆ ಮದರಾಸಿಗೆ ಬಂದು, ಧನರಾಜ್ ಮಾಸ್ತರರಲ್ಲಿ ಪಾಶ್ಚಾತ್ಯ ಸಂಗೀತ ಕಲಿತು, ಗಿಟಾರಿನಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ ಮುಗಿಸಿದವ. ಅವನನ್ನು ವೆಂಕಟೇಶರು ತಮ್ಮ ಸಹಾಯಕನನ್ನಾಗಿ ಇಟ್ಟುಕೊಂಡರು. ಗಿಟಾರು ನುಡಿಸುವುದು, ಆರ್ಗನ್ ನುಡಿಸುವುದು, ರಾಗಕ್ಕೆ ವಾದ್ಯಗಳ ಪಾಠ ಬರೆದು ಹಂಚುವುದು, ಎಲ್ಲ ಅವನ ಪಾಲಿಗೆ ಬಂತು. ವೆಂಕಟೇಶರು ಸಂಗೀತ ನೀಡಿದ 1970ರ ದಶಕದ ಎಷ್ಟೋ ಕನ್ನಡ ಚಿತ್ರಗಳಲ್ಲಿ ಆತನ ಕೈಕೆಲಸವಿದೆ. ಅಂದಿನ ಆ ರಾಜಾ ಮುಂದೆ 1976ರಲ್ಲಿ 'ಅನ್ನಕ್ಕಿಳಿ' ಚಿತ್ರದಿಂದ ಇಳಯರಾಜಾ ಆದರು. ವಿದ್ಯೆ ಬಲ್ಲ ಹುಡುಗನನ್ನು ಅಡಗಿಸಿಡದೆ ಕೆಲಸ ಕೊಟ್ಟು ಬೆಳೆಸಿದ್ದು ವೆಂಕಟೇಶರ ದೊಡ್ಡ ಗುಣ. ಚಿತ್ರರಂಗದಲ್ಲಿ ಅದು ಸುಲಭವಾಗಿ ಕಾಣಸಿಗುವುದಲ್ಲ.

ಆ ದಶಕದ ಪಟ್ಟಿಯೇ ಸಾಕು: 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972), 'ದೂರದ ಬೆಟ್ಟ' (1973), 'ಭೂತಯ್ಯನ ಮಗ ಅಯ್ಯು' (1974), 'ಮಯೂರ' (1975). 'ಬಂಗಾರದ ಮನುಷ್ಯ' ಬೆಂಗಳೂರಿನಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಓಡಿತು. 1974ರ 'ಸಂಪತ್ತಿಗೆ ಸವಾಲ್' ಮುದ್ರಣದ ಹೊತ್ತಿಗೆ ಶ್ರೀನಿವಾಸರು ಸಿಗದೆ ಹೋದಾಗ ರಾಜಕುಮಾರರೇ ಹಾಡಲಿ ಎಂದಾಯಿತು. ಎಮ್ಮೆಯ ಬೆನ್ನೇರಿ ಹಾಡುವ ಆ ಹಾಡು ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ ರಾಜಕುಮಾರರು ತಮ್ಮ ಹಾಡನ್ನು ತಾವೇ ಹಾಡತೊಡಗಿದರು. ಹದಿನೈದು ವರ್ಷ ಹಿಂದೆ 'ಮಹಿಷಾಸುರ ಮರ್ದಿನಿ'ಯಲ್ಲಿ ಆ ಕಂಠವನ್ನು ಕೇಳಿದ್ದ ವೆಂಕಟೇಶರಿಗೆ ಅದು ಅಚ್ಚರಿಯಾಗಿರಲಾರದು.

1977ರ 'ಸನಾದಿ ಅಪ್ಪಣ್ಣ'ಕ್ಕೆ ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದರು. 1978ರಲ್ಲಿ ಸಿ.ಐ.ಡಿ. 999 ಮತ್ತೆ ಬಂದ, ಈ ಸಲ 'ಆಪರೇಷನ್ ಡೈಮಂಡ್ ರಾಕೆಟ್' ಹುಡುಕಿಕೊಂಡು. ರಾಜಕುಮಾರರು ಅದರಲ್ಲಿ ಇಂಗ್ಲಿಷ್ ಪದಗಳ ಹಾಡನ್ನೇ ಹಾಡಿಬಿಟ್ಟರು. ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದ ಗಾಜನೂರಿನ ಮನುಷ್ಯ, ತೆಲುಗು ಮನೆಯ ಸಂಗೀತಗಾರ, ಮದರಾಸಿನ ವಾದಕರು ಸೇರಿ ಮಾಡಿದ ಆ ಹಾಡು ಇಂದು ಕನ್ನಡವೇ ಬಾರದ ಎಳೆಯರ ಫೋನುಗಳಲ್ಲೂ ಮೊಳಗುತ್ತಿದೆ. ಶಹನಾಯಿಗೆ ಕೊಟ್ಟ ಮರ್ಯಾದೆಯನ್ನೇ ಗಿಟಾರಿಗೂ ಕೊಟ್ಟರೆಂಬುದು ವೆಂಕಟೇಶರಲ್ಲಿ ನಾವು ಮೆಚ್ಚುವ ಅಂಶ.

1980ರ ದಶಕದಲ್ಲಿ ಅವಕಾಶಗಳು ಬೇರೆಯವರತ್ತ ಸರಿದವು. ಕೀಲಿಮಣೆಯ ಸಿಂಥಸೈಜರ್ ಬಂದು ಹತ್ತು ವಾದ್ಯಗಳ ಸದ್ದನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡತೊಡಗಿತು. ರಸಮಂಜರಿಯ ತಂಡಗಳಿಗೂ ಅದೇ ಅಗ್ಗವೆನಿಸಿ ಗಿಟಾರಿನ ತರುಣರು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು. ಕೆಲವರು ಗಲ್ಫಿಗೆ ಹೋದರು. ಕೊಯಮುತ್ತೂರಿನ ಸ್ಟುಡಿಯೋಗಳ ಕಾಲ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿತ್ತು.

ವೆಂಕಟೇಶರು 1993ರಲ್ಲಿ ತೀರಿಕೊಂಡರು. ಅವರ ಬಳಿ ಗಿಟಾರು ಹಿಡಿದು ಕುಳಿತಿದ್ದ ರಾಜಾ ಅದೇ ವರ್ಷ ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ತಮ್ಮ ಸಿಂಫನಿಯನ್ನು ಮುದ್ರಿಸಿದ್ದರು. ಕನ್ನಡಕ್ಕೆ ಸ್ವತಂತ್ರ ಸಂಗೀತ ನಿರ್ದೇಶಕರಾಗಿ ಇಳಯರಾಜಾ ಬಂದುದು 1978ರ 'ಮಾತು ತಪ್ಪದ ಮಗ'ದ ಮೂಲಕ. 1981ರಲ್ಲಿ ಶಂಕರ್ ನಾಗರ 'ಗೀತಾ' ಬಂದಾಗ ಅದರ ಹಾಡುಗಳನ್ನು ಬಾನುಲಿಯಲ್ಲಿ ಕೇಳಿ ನಮ್ಮ ಊರುಗಳಲ್ಲಿ ಎಷ್ಟೋ ಹುಡುಗರು ಗಿಟಾರು ಕೊಡಿಸೆಂದು ತಂದೆಯಂದಿರನ್ನು ಪೀಡಿಸಿದರು. ಕೆಲವರಿಗೆ ಸಿಕ್ಕಿತು, ಹೆಚ್ಚಿನವರಿಗೆ ಬೈಗುಳ ಸಿಕ್ಕಿತು.