ಪಂಜರದ ಹಕ್ಕಿ, ನೀಲದ ಮೇಲಿನ ಚಿರತೆ

ಸೆರಗಿಗೆ ಚುಚ್ಚಿಕೊಳ್ಳುವ ಬ್ರೋಚು ಅಂದರೆ ನಮಗೆ ಮದುವೆಮನೆಯ ನವಿಲು, ಹೆಚ್ಚೆಂದರೆ ಒಂದು ಚಿಟ್ಟೆ. ಅಷ್ಟು ಸಣ್ಣ ಒಡವೆ ಊರನ್ನು ಗೆದ್ದು ಕೂತ ಸೈನ್ಯವನ್ನು ಕೆಣಕೀತೆ? ಝಾನ್ ತೂಸಾಂ ಮಾಡಿಸಿದ ಒಂದು ಬ್ರೋಚು ಕೆಣಕಿತ್ತು.

ಆಕೆ ಹುಟ್ಟಿದ್ದು 1887ರಲ್ಲಿ, ಬೆಲ್ಜಿಯಮ್ಮಿನ ಶಾರ್ಲರುವಾ ಊರಿನಲ್ಲಿ. ಮನೆಯಲ್ಲಿ ಲೇಸು ಹೆಣೆಯುವ ಕಸುಬು. ಹರೆಯದಲ್ಲೇ ಮನೆ ಬಿಟ್ಟವಳು ಪ್ಯಾರಿಸ್ ಸೇರಿದಳು. ಅಲ್ಲಿ ಹೆಸರಾಂತ ಒಡವೆ ವ್ಯಾಪಾರಿ ಲೂಯಿ ಕಾರ್ತಿಯೇಯ ಪರಿಚಯ, ಪ್ರೀತಿ. ಮದುವೆಗೆ ಅವನ ಮನೆಯವರು ಒಪ್ಪಲಿಲ್ಲ. ಇಂಥ ಕಥೆ ನಮಗೇನು ಹೊಸದಲ್ಲ ಬಿಡಿ. ಆದರೆ ಅವಳ ಕಣ್ಣಿನ ಮೇಲೆ ಅವನಿಗಿದ್ದ ನಂಬಿಕೆ ಮಾತ್ರ ಹೋಗಲಿಲ್ಲ. 1933ರಲ್ಲಿ ಅಂಗಡಿಯ ಅತಿ ಬೆಲೆಬಾಳುವ ಒಡವೆಗಳ ವಿಭಾಗವನ್ನೇ ಅವಳಿಗೆ ಒಪ್ಪಿಸಿದ. ತಮಾಷೆ ನೋಡಿ, ಅವಳು ಚಿತ್ರ ಬರೆಯುವವಳೇ ಅಲ್ಲ! ನೋಡುವುದು, ಬೇಡ ಅನ್ನುವುದು, ಮತ್ತೆ ತಿದ್ದಿಸುವುದು, ಇದು ಅವಳ ಕೆಲಸ. ಬರೆಯುವ ಕೈ ಪೀಟರ್ ಲಮಾರ್ಶಾನದು. ಅವನು ವ್ಯಾನ್ಸೆನ್ ಮೃಗಾಲಯಕ್ಕೆ ಹೋಗಿ ಜೀವಂತ ಪ್ರಾಣಿಗಳನ್ನು ನೋಡಿ ಬರೆಯುತ್ತಿದ್ದ.

1940ರಲ್ಲಿ ಜರ್ಮನರು ಪ್ಯಾರಿಸ್ ಹಿಡಿದರು. 1942ರಲ್ಲಿ ಲೂಯಿ ತೀರಿಕೊಂಡ. ಅದೇ ವರ್ಷ ಅಂಗಡಿಯ ಗಾಜಿನ ಕಿಟಕಿಯಲ್ಲಿ ಹೊಸ ಬ್ರೋಚೊಂದು ಬಂದು ಕೂತಿತು: ಪಂಜರ, ಅದರೊಳಗೆ ಪುಟ್ಟ ಹಕ್ಕಿ. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೆಸ್ಟಾಪೋದವರು ಅವಳನ್ನು ಕರೆಸಿ ವಿಚಾರಿಸಿದರು ಎಂದು ಹೇಳುತ್ತಾರೆ. 1944ರಲ್ಲಿ ಪ್ಯಾರಿಸ್ ಬಿಡುಗಡೆಯಾದಾಗ ಇನ್ನೊಂದು ಬ್ರೋಚು ಬಂತು. ಈ ಸಲ ಪಂಜರದ ಬಾಗಿಲು ತೆರೆದಿದೆ, ಹಕ್ಕಿ ರೆಕ್ಕೆ ಬಿಚ್ಚಿದೆ. ಹವಳದ ಕೆಂಪು, ವಜ್ರದ ಬಿಳಿ, ಲ್ಯಾಪಿಸ್ ಕಲ್ಲಿನ ನೀಲಿ; ಫ್ರಾನ್ಸಿನ ಬಾವುಟದ ಮೂರೂ ಬಣ್ಣ. ಹವಳ, ಲ್ಯಾಪಿಸ್ ಏನು ಮಹಾ ಬೆಲೆಯ ಕಲ್ಲುಗಳಲ್ಲ. ಜವೇರಿ ಬಜಾರಿನ ತಕ್ಕಡಿ ಈ ಹಕ್ಕಿಗೆ ಎಷ್ಟು ಬೆಲೆ ಕಟ್ಟೀತು?

ಚಿರತೆ ಅಂತಲೇ ಅವಳಿಗೆ ಅಡ್ಡಹೆಸರಿತ್ತು. 1948ರಲ್ಲಿ ಪಚ್ಚೆಯ ಮೇಲೆ ಕೂತ ಚಿನ್ನದ ಚಿರತೆ, 1949ರಲ್ಲಿ 152.35 ಕ್ಯಾರೆಟ್ ತೂಗುವ ನಮ್ಮ ಕಾಶ್ಮೀರದ ನೀಲದ ಮೇಲೆ ಕೂತ ವಜ್ರದ ಚಿರತೆ. ಎರಡೂ ಸೇರಿದ್ದು ವಿಂಡ್ಸರ್ ದಂಪತಿಗಳಿಗೆ. ಆ ಹೆಂಡತಿಗಾಗಿಯೇ ಗಂಡ 1936ರಲ್ಲಿ ಇಂಗ್ಲೆಂಡಿನ ಸಿಂಹಾಸನ ಬಿಟ್ಟದ್ದು ನಿಮಗೆ ಗೊತ್ತೇ ಇದೆ.

ತೂಸಾಂ 1954ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಒಬ್ಬ ಬ್ಯಾರನ್ನನನ್ನು ಮದುವೆಯಾದಳು. 1976ರಲ್ಲಿ ತೀರಿಕೊಂಡಳು.

ಹನ್ನೊಂದು ವರ್ಷದ ಮೇಲೆ, 1987ರಲ್ಲಿ, ವಿಂಡ್ಸರ್ ರಾಣಿವಾಸದ ಒಡವೆಗಳು ಜಿನೀವಾದಲ್ಲಿ ಹರಾಜಿಗೆ ಬಂದವು. ಹಳೆಯ ಬ್ರೋಚಿಗೆ ಬೆಲೆ ಕಟ್ಟುವವರು ಕಲ್ಲನ್ನು ನೋಡುತ್ತಾರೆ, ಹಿಂಬದಿಯ ಮುದ್ರೆ ನೋಡುತ್ತಾರೆ, ಕಲ್ಲು ಬದಲಾಗಿದೆಯೇ, ಪಿನ್ನು ಮೊದಲಿನದೇ ಅಂತ ಭೂತಕನ್ನಡಿ ಹಿಡಿಯುತ್ತಾರೆ. ತೊಟ್ಟವರು ಯಾರು ಅನ್ನುವುದಕ್ಕೂ ಬೆಲೆಯುಂಟು. ಹಾಗೆಲ್ಲ ಲೆಕ್ಕ ಹಾಕಿ ಸುಮಾರು 70 ಲಕ್ಷ ಡಾಲರ್ ಬಂದೀತು ಅಂದುಕೊಂಡಿದ್ದರು. ಬಂದದ್ದು 5 ಕೋಟಿ. ನೀಲದ ಮೇಲಿನ ಚಿರತೆಯನ್ನು ಕೊಂಡವರು ಬೇರೆ ಯಾರೂ ಅಲ್ಲ, ಹಿಂದೆ ಅದನ್ನು ಮಾರಿದ್ದ ಕಾರ್ತಿಯೇ ಅಂಗಡಿಯವರೇ.